ಮೈಸೂರಿನಲ್ಲಿ ಮಲಗಿ ಕರ್ನಾಟಕದಲ್ಲಿ ಎದ್ದೆವು: 1973ರ ನವೆಂಬರ್ 1, ಯಾರಿಗೆ ಏನು ನೆನಪಿದೆ?

ಅಗ್ರಹಾರದವನು, ಮೈಸೂರು:

ರಾಜ್ಯೋತ್ಸವ ಬಂದರೆ ಬಾವುಟದ ಚಿತ್ರ ಕಳಿಸುತ್ತೇವೆ, ಶುಭಾಶಯ ಹೇಳುತ್ತೇವೆ, ಮಧ್ಯಾಹ್ನದ ಹೊತ್ತಿಗೆ ಮರೆತೂ ಬಿಡುತ್ತೇವೆ. ಈ ಸಲ ಬೇರೆ ಏನಾದರೂ ಮಾಡೋಣ. ರಾಜ್ಯದ ಹೆಸರು ಬದಲಾದ ಆ ಒಂದು ದಿನ ಏನೇನು ಸುದ್ದಿ ಇತ್ತು, ನಿಮ್ಮ ಮನೆಯಲ್ಲಿ ಏನು ಮಾತಾಡಿಕೊಂಡರು, ನೆನಪಿದ್ದವರು ಬರೆಯಿರಿ. ಮೊದಲು ನನ್ನದು.

ಅವತ್ತು ಗುರುವಾರ. ದೀಪಾವಳಿ ಮುಗಿದು ಒಂದು ವಾರವೂ ಆಗಿರಲಿಲ್ಲ, ಅಗ್ರಹಾರದ ನಮ್ಮ ಬೀದಿಯಲ್ಲಿ ಪಟಾಕಿಯ ಕೆಂಪು ಕಾಗದ ಇನ್ನೂ ಮೂಲೆ ಮೂಲೆಯಲ್ಲಿ ಬಿದ್ದಿತ್ತು. ನನಗೆ 10 ವರ್ಷ. ಹಿಂದಿನ ರಾತ್ರಿ ನಾನು ಮಲಗಿದ್ದು ಮೈಸೂರು ರಾಜ್ಯ, ಮೈಸೂರು ಜಿಲ್ಲೆ, ಮೈಸೂರು ತಾಲ್ಲೂಕು, ಮೈಸೂರು ನಗರದಲ್ಲಿ. ಬೆಳಿಗ್ಗೆ ಏಳುವಾಗ ನಾಲ್ಕು ಮೈಸೂರಿನಲ್ಲಿ ಒಂದು ಹೋಗಿತ್ತು.

ಮನೆಯಲ್ಲಿ ಮೊದಲು ಗಾಬರಿಯಾದವರು ಅಜ್ಜಿ. ಅವರಿಗೆ ರಾಜ್ಯದ ಹೆಸರಿಗಿಂತ ರೇಷನ್ ಕಾರ್ಡಿನ ಚಿಂತೆ ಜಾಸ್ತಿ. ಕಾರ್ಡಿನ ಮೇಲೆ ಮೈಸೂರು ಸರ್ಕಾರ ಅಂತ ಅಚ್ಚಾಗಿದೆ, ಆ ಹೆಸರಿನ ಸರ್ಕಾರವೇ ಇಲ್ಲ ಅಂದಮೇಲೆ ಅಕ್ಕಿ ಕೊಡೋರು ಯಾರು? ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಚೀಲ ಹಿಡಿದು ನನ್ನನ್ನೂ ಎಳೆದುಕೊಂಡು ಹೊರಟರು. ಅಂಗಡಿ ಮುಂದೆ ನೋಡಿದರೆ ಅದೇ ಚಿಂತೆ ಹೊತ್ತು ಬಂದ ಇನ್ನೂ ಆರು ಜನ ಅಜ್ಜಿಯರು ನಿಂತಿದ್ದರು. ಅಂಗಡಿಯವರು ಪಾಪ ಒಳ್ಳೆಯ ಮನುಷ್ಯ. "ಅಮ್ಮಾ, ತಕ್ಕಡಿಗೆ ತೂಕ ಗೊತ್ತು, ಹೆಸರು ಗೊತ್ತಿಲ್ಲ. ಹಳೇ ಕಾರ್ಡೇ ತನ್ನಿ" ಅಂದರು. ಅಜ್ಜಿ ಅಲ್ಲಿಂದ ನೇರ ಗಣಪತಿ ಗುಡಿಗೆ ಹೋಗಿ ಕೈ ಮುಗಿದು ಬಂದರು.

ಶಾಲೆಯಲ್ಲಿ ಇನ್ನೂ ದೊಡ್ಡ ಕೆಲಸ ಕಾದಿತ್ತು. ಮೇಷ್ಟ್ರು ಸಮಾಜ ಪುಸ್ತಕ ತೆಗೆಸಿ, ಮೈಸೂರು ರಾಜ್ಯ ಅಂತ ಎಲ್ಲಿದೆಯೋ ಅಲ್ಲಿ ಮೈಸೂರು ಹೊಡೆದು ಕರ್ನಾಟಕ ಅಂತ ಬರೆಯಿರಿ ಅಂದರು. ಪಕ್ಕದಲ್ಲಿ ಕೂತಿದ್ದ ನನ್ನ ಗೆಳೆಯ ಅರ್ಧ ಮಾತು ಮಾತ್ರ ಕೇಳಿಸಿಕೊಂಡ. ಪುಸ್ತಕದಲ್ಲಿದ್ದ ಎಲ್ಲ ಮೈಸೂರನ್ನೂ ಹೊಡೆದು ಹಾಕಿದ. ಅವನ ಪುಸ್ತಕದಲ್ಲಿ ಚಾಮುಂಡಿ ಬೆಟ್ಟ ಕರ್ನಾಟಕ ನಗರದ ಪಕ್ಕದಲ್ಲಿತ್ತು, ಟಿಪ್ಪು ಕರ್ನಾಟಕದ ಹುಲಿ ಆಗಿದ್ದ, ದಸರಾ ಮೆರವಣಿಗೆ ಕರ್ನಾಟಕ ಅರಮನೆಯಿಂದ ಹೊರಡುತ್ತಿತ್ತು. ಆಗ ರಾಜ್ಯದಲ್ಲಿ 19 ಜಿಲ್ಲೆ. ಅವನ ಪಟ್ಟಿಯಲ್ಲಿ ಕರ್ನಾಟಕದೊಳಗೆ ಇನ್ನೊಂದು ಕರ್ನಾಟಕ ಜಿಲ್ಲೆ! ಮೇಷ್ಟ್ರು ಪುಸ್ತಕ ನೋಡಿ ಬೈಯಲಿಲ್ಲ, ಕುರ್ಚಿ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಇಡೀ ತರಗತಿಗೆ ಒಂದೊಂದು ಪೆಪ್ಪರ್‌ಮೆಂಟು ಹಂಚಿದರು.

ಅವತ್ತೇ ಇನ್ನೊಂದು ಹೆಸರೂ ಬದಲಾಯಿತು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಲಕ್ಕದೀವ್, ಮಿನಿಕಾಯ್, ಅಮಿನ್‌ದೀವಿ ಅಂತ ಮೂರು ಹೆಸರು ಜೋಡಿಸಿ ಕರೆಯುತ್ತಿದ್ದ ದ್ವೀಪಗಳಿಗೆ ಅದೇ ನವೆಂಬರ್ 1ರಿಂದ ಲಕ್ಷದ್ವೀಪ ಅನ್ನುವ ಹೆಸರು ಬಂತು. ಒಂದೇ ದಿನ ಸಂಸತ್ತಿನ ಎರಡು ಕಾನೂನು ಜಾರಿಗೆ ಬಂದು ನಮಗೂ ಅವರಿಗೂ ಒಟ್ಟಿಗೆ ನಾಮಕರಣ ಆಯಿತು. ಹೆಸರಲ್ಲಿ ಲಕ್ಷ, ಎಣಿಸಿದರೆ ದ್ವೀಪ 36, ಜನ ಇರೋದು ಬರೀ 10ರಲ್ಲಿ! ನನಗಂತೂ ಇದು ಗೊತ್ತಾದ ದಿನದಿಂದ ರಾಜ್ಯೋತ್ಸವಕ್ಕೆ ಅವರಿಗೂ ಮನಸ್ಸಲ್ಲೇ ಒಂದು ಶುಭಾಶಯ ಹೇಳುವ ಅಭ್ಯಾಸ ಆಗಿದೆ.

ಗಂಜಾಂ ಅಂಜೂರ, ಶ್ರೀರಂಗಪಟ್ಟಣ:

ಒಳ್ಳೆ ವಿಷಯ ತೆಗೆದಿರಿ. ಲಕ್ಷದ್ವೀಪ ಅಂದಿರಲ್ಲ, ಅದಕ್ಕೂ ನಮ್ಮ ಊರಿಗೂ ಹಳೇ ನಂಟಿದೆ, ನಾನು ಹೇಳಲೇಬೇಕು. ಆ ಮೂರು ಹೆಸರಲ್ಲಿ ಅಮಿನ್‌ದೀವಿ ಅಂತ ಒಂದಿದೆ ನೋಡಿ, ಆ ಗುಂಪು 1787ರಲ್ಲಿ ಟಿಪ್ಪು ಸುಲ್ತಾನನ ಆಡಳಿತಕ್ಕೆ ಬಂದಿತ್ತು. ಸಮುದ್ರದ ನಡುವಿನ ದ್ವೀಪ, ಅದರ ದೊರೆ ಇದ್ದದ್ದು ಕಾವೇರಿ ನಡುವಿನ ದ್ವೀಪದಲ್ಲಿ! 1799ರಲ್ಲಿ ಇಲ್ಲಿ ಕೋಟೆ ಬಿದ್ದಾಗ ಅಲ್ಲಿ ಆ ದ್ವೀಪಗಳೂ ಬ್ರಿಟಿಷರ ಕೈಗೆ ಹೋದವು. ಆಮೇಲೆ ಮಂಗಳೂರಿನ ಕಡೆಯಿಂದ ನೋಡಿಕೊಂಡರು, ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, 1956ರ ತನಕ.

ಅಂದರೆ ಲೆಕ್ಕ ಹಾಕಿ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ನಮ್ಮ ಕಡೆ ಬಂತು, ಅಮಿನ್‌ದೀವಿ ಬೇರೆಯಾಯಿತು. 17 ವರ್ಷ ಆದಮೇಲೆ ಅದೇ ನವೆಂಬರ್ 1ರಂದು ಇಬ್ಬರೂ ಹೆಸರು ಬದಲಾಯಿಸಿಕೊಂಡೆವು. ದಾಯಾದಿಗಳು ಬೇರೆಯಾದಮೇಲೂ ಒಂದೇ ದಿನ ಗೃಹಪ್ರವೇಶ ಮಾಡಿಕೊಂಡ ಹಾಗೆ ಅಲ್ವಾ?

ಸಕ್ಕರೆ ಊರಿನವ, ಮಂಡ್ಯ:

ನಮ್ಮ ಮಂಡ್ಯದ ಕಥೆ ಕೇಳಿ. ನಾವು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಸ್ವಂತ ಜಿಲ್ಲೆ ಆಗಿದ್ದು 1939ರಲ್ಲಿ. ಆದರೆ ಊರಿನ ನಡುವೆ 1933ರಿಂದ ನಿಂತಿರುವ ಕಾರ್ಖಾನೆಯ ಹೆಸರು ಮೈಸೂರು ಶುಗರ್, ನಮ್ಮ ಬಾಯಲ್ಲಿ ಮೈಶುಗರ್. ನವೆಂಬರ್ ಅಂದರೆ ಕಬ್ಬಿನ ಕಾಲ. ನಮ್ಮ ತಾತ ಗಾಡಿ ಕಟ್ಟಿಕೊಂಡು ಸಾಲಿನಲ್ಲಿ ನಿಂತಿದ್ದರು. ಆ ಸಾಲು ಅಂದರೆ ಒಂದು ಸಣ್ಣ ಊರು, ಅಲ್ಲೇ ಅಡಿಗೆ, ಅಲ್ಲೇ ನಿದ್ದೆ, ಅಲ್ಲೇ ಪಂಚಾಯ್ತಿ.

ಯಾರೋ ಟ್ರಾನ್ಸಿಸ್ಟರ್ ಇಟ್ಟುಕೊಂಡಿದ್ದವರು ಸುದ್ದಿ ಹೇಳಿದರು. ಮೈಸೂರು ಹೋಗಿ ಕರ್ನಾಟಕ ಆಯ್ತಂತೆ. ಹಾಗಾದರೆ ಕಾರ್ಖಾನೆಗೂ ಕರ್ನಾಟಕ ಶುಗರ್ ಅಂತ ಇಡುತ್ತಾರಾ ಅಂತ ಚರ್ಚೆ ಶುರುವಾಯಿತು. ಮೈಶುಗರ್ ಅನ್ನುವಾಗ ಬಾಯಿ ಸಲೀಸಾಗಿ ಓಡುತ್ತೆ, ಕಶುಗರ್ ಅಂದರೆ ಹಲ್ಲಿಗೆ ಸಿಕ್ಕುತ್ತೆ ಅಂತ ತಾತ ವಾದ ಮಾಡಿದರಂತೆ. ಸಾಲು ಮುಂದೆ ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಹಿಂದಿನ ಗಾಡಿಯ ಎತ್ತು ಬಂದು ತಾತನ ಕಬ್ಬಿಗೆ ಬಾಯಿ ಹಾಕಿದಾಗ ಪಂಚಾಯ್ತಿ ಮುರಿಯಿತು. ತಾತ ಗೆದ್ದರು ಅಂತಲೇ ಹೇಳಬೇಕು, ಇವತ್ತಿಗೂ ಅದು ಮೈಶುಗರ್.

ಕೆಂಪು ಬಸ್ಸು, ಮೈಸೂರು:

ಬಸ್ಸಿನ ವಿಷಯ ನಾನು ಹೇಳುತ್ತೇನೆ. ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಅಂತ 1961ರಲ್ಲಿ ಆಗಿತ್ತು. 1973ರ ನವೆಂಬರ್ 1ರಿಂದ ಅದೇ ಕೆಎಸ್‌ಆರ್‌ಟಿಸಿ. ಇಂಗ್ಲಿಷಿನಲ್ಲಿ ಬದಲಾಗಿದ್ದು ಒಂದೇ ಅಕ್ಷರ, ಎಂ ಹೋಗಿ ಕೆ ಬಂತು. ನಮ್ಮ ಸೋದರಮಾವ ಬೋರ್ಡು ಬರೆಯುವವರು, ಸಯ್ಯಾಜಿರಾವ್ ರಸ್ತೆಯ ಅಂಗಡಿಗಳಿಗೆಲ್ಲ ಬರೆದುಕೊಡುತ್ತಿದ್ದರು. ಅವರಿಗೆ ಈ ಬದಲಾವಣೆ ತುಂಬಾ ಇಷ್ಟವಾಗಿತ್ತು. "ಎಂ ಬರೆಯೋಕೆ ನಾಲ್ಕು ಗೆರೆ, ಕೆ ಬರೆಯೋಕೆ ಮೂರು. ಒಂದು ಬೋರ್ಡಿಗೆ ಒಂದು ಗೆರೆ ಬಣ್ಣ ಉಳೀತು" ಅಂತ ಲೆಕ್ಕ ಹೇಳುತ್ತಿದ್ದರು. ಕನ್ನಡದಲ್ಲೂ ಹಾಗೇ, ಮೈ ಅಂದರೆ ಅಗಲ, ಜಾಗ ಬೇಕು, ಕ ಅಂದರೆ ಪುಟ್ಟದು, ದುಂಡಗೆ ಕೂರುತ್ತೆ.

ಅವರು ಬಣ್ಣ ತರುತ್ತಿದ್ದದ್ದು ಎಲ್ಲಿಂದ ಗೊತ್ತಾ? ನಮ್ಮ ಅರಗಿನ ಕಾರ್ಖಾನೆಯದು. 1937ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾಗಿದ್ದು, 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಹಚ್ಚುವ ಶಾಯಿ ಮಾಡುವುದೂ ಅದೇ. ಅದರ ಹೆಸರಲ್ಲಿ ಇವತ್ತಿಗೂ ಮೈಸೂರು ಇದೆ. ಅಂದರೆ ಮೈಸೂರು ಅನ್ನುವ ಹೆಸರನ್ನು ಅಳಿಸಿದ್ದು ಮೈಸೂರು ಬಣ್ಣದಲ್ಲೇ. ಮಾವ ಇದನ್ನು ಹೇಳಿ ಹೇಳಿ ನಗುತ್ತಿದ್ದರು, ನನಗೆ ಈಗ ಬರೆಯುವಾಗಲೂ ಅವರ ನಗು ಕೇಳಿಸುತ್ತಿದೆ.

ಮೂಲೆ ಮೇಜು, ಮೈಸೂರು:

ನಮ್ಮ ಅಪ್ಪ ದಿನಾ ಬೆಳಿಗ್ಗೆ ಒಂದು ಹೋಟೆಲಿನ ಮೂಲೆ ಮೇಜಿನಲ್ಲಿ ನಾಲ್ಕು ಜನ ಗೆಳೆಯರ ಜೊತೆ ಕಾಫಿ ಕುಡಿಯುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಖಾತೆ. ಒಬ್ಬರು ದೆಹಲಿ, ಒಬ್ಬರು ಬೆಂಗಳೂರು, ಒಬ್ಬರು ಕ್ರಿಕೆಟ್, ಅಪ್ಪನದು ಅಮೆರಿಕ. ಅವತ್ತು ಎಲ್ಲರೂ ಕರ್ನಾಟಕ ಕರ್ನಾಟಕ ಅಂತ ಕೂಗುವಾಗ ಅಪ್ಪನಿಗೆ ಒಂದೇ ಬೇಜಾರು, ತಮ್ಮ ಖಾತೆಯ ದೊಡ್ಡ ಸುದ್ದಿಯನ್ನು ಯಾರೂ ಕೇಳುತ್ತಿಲ್ಲ ಅಂತ.

ಆ ಸುದ್ದಿ ಏನು ಅಂದರೆ ವಾಟರ್‌ಗೇಟ್, ಅಲ್ಲಿನ ಅಧ್ಯಕ್ಷ ನಿಕ್ಸನ್ ಕಡೆಯವರು ಎದುರು ಪಕ್ಷದ ಕಚೇರಿಗೆ ಕದ್ದು ನುಗ್ಗಿ ಸಿಕ್ಕಿಬಿದ್ದ ಹಗರಣ. ನಿಕ್ಸನ್ ತಮ್ಮ ಮಾತುಕತೆಗಳನ್ನು ರೆಕಾರ್ಡ್ ಮಾಡಿಸಿದ್ದರು, ಅದರಲ್ಲಿ ಕೋರ್ಟಿಗೆ ಒಪ್ಪಿಸಬೇಕಾಗಿದ್ದ 9 ಟೇಪುಗಳಲ್ಲಿ 2 ಟೇಪು ಇಲ್ಲವೇ ಇಲ್ಲ ಅಂತ ಅವರ ಕಡೆಯ ವಕೀಲರು ಅಕ್ಟೋಬರ್ 31ರಂದು ಹೇಳಿದ್ದರು. ಕೊಟ್ಟ ಕಾರಣ ನೋಡಿ. ಒಂದು ಮಾತುಕತೆ ನಡೆದ ಫೋನಿಗೆ ಟೇಪಿನ ಸಂಪರ್ಕವೇ ಇರಲಿಲ್ಲವಂತೆ. ಇನ್ನೊಂದು ದಿನ ಟೇಪು ಮುಗಿದುಹೋಗಿತ್ತಂತೆ. ನವೆಂಬರ್ 1ರಂದು ಲಿಯಾನ್ ಜವಾರ್ಸ್ಕಿ ಅವರನ್ನು ಈ ಹಗರಣದ ತನಿಖೆಗೆ ಹೊಸ ವಿಶೇಷ ಪ್ರಾಸಿಕ್ಯೂಟರ್ ಅಂತ ನೇಮಿಸಿದರು, ಹಳಬರನ್ನು ತೆಗೆದುಹಾಕಿ ಆಗ ಇನ್ನೂ ಎರಡು ವಾರ ಆಗಿರಲಿಲ್ಲ. ಅಪ್ಪ ಇದನ್ನೆಲ್ಲ ವಿವರಿಸಿ ಮುಗಿಸಿದರೆ ಪಕ್ಕದ ಮೇಜಿನಿಂದ ಒಬ್ಬ ಹಿರಿಯರು ಗಂಭೀರವಾಗಿ ಕೇಳಿದರಂತೆ, "ಸ್ವಾಮಿ, ಅಷ್ಟು ದೊಡ್ಡ ದೇಶದ ಅಧ್ಯಕ್ಷರ ಮನೆಯಲ್ಲಿ ಇನ್ನೊಂದು ಟೇಪು ತಂದುಕೊಡೋಕೆ ಒಬ್ಬ ಆಳು ಇರಲಿಲ್ವಾ?" ಅಪ್ಪ ಇದಕ್ಕೆ ಕೊನೆಯವರೆಗೂ ಉತ್ತರ ಹುಡುಕುತ್ತಿದ್ದರು.

ಇನ್ನೊಂದು ವಿಷಯ. ಅವತ್ತು ನಾವು ಸುದ್ದಿ ಕೇಳಿದ್ದು ರೇಡಿಯೋದಲ್ಲಿ, ಆದರೆ ಮೈಸೂರಿನಲ್ಲಿ ಆಗ ರೇಡಿಯೋ ನಿಲಯವೇ ಇರಲಿಲ್ಲ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಶುರು ಮಾಡಿದ ನಿಲಯ, ಅದರ ಆಕಾಶವಾಣಿ ಅನ್ನುವ ಹೆಸರನ್ನು ಇಡೀ ದೇಶ ಆಮೇಲೆ ತೆಗೆದುಕೊಂಡಿತು. ನಿಲಯ ಮಾತ್ರ 1955ರಲ್ಲಿ ಬೆಂಗಳೂರಿಗೆ ಹೋಯಿತು, ತಿರುಗಿ ಬಂದಿದ್ದು 1974ರಲ್ಲಿ. ಹೆಸರು ಕೊಟ್ಟ ಊರು, ಹೆಸರು ಹೋದ ಸುದ್ದಿಯನ್ನು ಬೇರೆ ಊರಿನ ಆಕಾಶವಾಣಿಯಲ್ಲಿ ಕೇಳಿತು.

ಹಳ್ಳಿಕಾರ್ ಜೋಡಿ, ನಾಗಮಂಗಲ:

ಅದೇ ದಿನ ಅಲ್ವಾ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋಗಿದ್ದು? ಪೆಟ್ರೋಲ್ ಬೆಲೆ ಏರಿದ್ದಕ್ಕೆ?

ಅಗ್ರಹಾರದವನು, ಮೈಸೂರು:

ಇಲ್ಲ, ಅದು ನವೆಂಬರ್ 12. ಅದೇ ತಿಂಗಳು, ಹನ್ನೊಂದು ದಿನ ಆದಮೇಲೆ. ಅಕ್ಟೋಬರಿನಲ್ಲಿ ಅರಬ್ ಇಸ್ರೇಲ್ ಯುದ್ಧ ಆಗಿ ತೈಲದ ಬೆಲೆ ಏರಿತ್ತು, ಅದರ ಬಿಸಿ ನಮಗೂ ತಟ್ಟಿತು. ಆದರೂ ಇದು ಬಿಡುವ ವಿಷಯ ಅಲ್ಲ, ನೀವೇ ಬರೆಯಿರಿ.

ಹಳ್ಳಿಕಾರ್ ಜೋಡಿ, ನಾಗಮಂಗಲ:

ತಾರೀಖು ತಿದ್ದಿದ್ದಕ್ಕೆ ಥ್ಯಾಂಕ್ಸ್. ನಮ್ಮಪ್ಪ ಎತ್ತು ಸಾಕುವವರು, ಹಳ್ಳಿಕಾರ್ ಅಂದರೆ ಅವರಿಗೆ ಪ್ರಾಣ. ವಿರೋಧ ಪಕ್ಷದ ನಾಯಕರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು ಅಂತ ಪೇಪರಿನಲ್ಲಿ ಓದಿಸಿಕೊಂಡಾಗ ಅವರು ಕೇಳಿದ ಮೊದಲ ಪ್ರಶ್ನೆ "ಯಾವ ತಳಿ?" ಓದಿದ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಎರಡನೇ ಪ್ರಶ್ನೆ, ಲಾಳ ಹೊಡೆಸಿದ್ದರೋ ಇಲ್ಲವೋ, ದೆಹಲಿಯ ಡಾಂಬರು ರಸ್ತೆಯಲ್ಲಿ ಕಾಲು ಜಾರಲ್ವಾ? ಅದೂ ಪೇಪರಿನಲ್ಲಿ ಇರಲಿಲ್ಲ. ಇಷ್ಟು ಮುಖ್ಯವಾದ ವಿಷಯ ಬರೆಯದೆ ಬರೀ ಮನುಷ್ಯರ ಹೆಸರು ಬರೆದಿದ್ದಾರಲ್ಲ ಅಂತ ಅಪ್ಪನಿಗೆ ನಿಜವಾಗಲೂ ಸಿಟ್ಟು ಬಂದಿತ್ತು. ನನಗೂ ಅವರು ಕೇಳಿದ್ದು ಸರಿ ಅನ್ನಿಸುತ್ತೆ.

ಪೆಟ್ರೋಲ್ ಉಳಿಸಿ ಅಂತ ಹೇಳುವುದಕ್ಕೆ ಇಂದಿರಾ ಗಾಂಧಿ ಅವರೂ ಆ ದಿನಗಳಲ್ಲಿ ಕುದುರೆ ಗಾಡಿಯಲ್ಲಿ ಹೋಗುತ್ತಿದ್ದರು. ಅಲ್ಲಿ ಎತ್ತು, ಇಲ್ಲಿ ಕುದುರೆ.

ಲಷ್ಕರ್ ಮೊಹಲ್ಲಾ, ಮೈಸೂರು:

ಕುದುರೆ ಗಾಡಿ ಅಂದರೆ ನಮ್ಮದೇ ಅಲ್ವಾ. ನಮ್ಮ ತಾತನದು ಟಾಂಗಾ, ಪಕ್ಕದ ಮನೆಯವರದು ಷಾಪಸಂದ್. ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದರು. ಪ್ರಧಾನ ಮಂತ್ರಿ ಕುದುರೆ ಗಾಡಿ ಹತ್ತಿದರು ಅಂತ ಕೇಳಿದ ದಿನ ಸ್ಟ್ಯಾಂಡಿನಲ್ಲಿ ಎಲ್ಲ ಕುದುರೆಗೂ ಮೈ ತಿಕ್ಕಿ, ತಲೆಗೆ ಹೊಸ ಕುಚ್ಚು ಕಟ್ಟಿದ್ದರಂತೆ. ಆಟೋದವರನ್ನು ನೋಡಿ "ಏನಪ್ಪಾ, ದೆಹಲಿಯವರೂ ನಮ್ಮ ಕಡೆ" ಅನ್ನುತ್ತಿದ್ದರು. ಒಂದು ವಾರ ಆ ಖುಷಿ ಇತ್ತು. ಆಮೇಲೆ ಹುರುಳಿ ಬೆಲೆಯೂ ಏರಿತು.

ಎಡಗೈ ಸ್ಪಿನ್ನು, ಮೈಸೂರು:

ಕ್ರಿಕೆಟ್ ಬಿಟ್ಟಿರಲ್ಲ! ನನ್ನ ಪ್ರಕಾರ ಹೆಸರು ಬದಲಾಗಿದ್ದರ ಮೊದಲ ಫಲ ಸಿಕ್ಕಿದ್ದು ಅಲ್ಲೇ. ಅಲ್ಲಿಯವರೆಗೆ ರಣಜಿಯಲ್ಲಿ ನಮ್ಮ ತಂಡ ಮೈಸೂರು ಅಂತ ಆಡುತ್ತಿತ್ತು, ಒಂದು ಸಲವೂ ಕಪ್ ಗೆದ್ದಿರಲಿಲ್ಲ. ಬಾಂಬೆ 15 ವರ್ಷ ಸತತ ಗೆದ್ದು ಕೂತಿತ್ತು. 1973-74ರಲ್ಲಿ ಕರ್ನಾಟಕ ಅಂತ ಮೊದಲ ಸೀಸನ್. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಅದೇ ಬಾಂಬೆ ಎದುರು ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ ಶತಕ ಹೊಡೆದರು, ಪ್ರಸನ್ನ ಗವಾಸ್ಕರ್ ವಿಕೆಟ್ ಹಾರಿಸಿದರು. ಮೊದಲ ಇನ್ನಿಂಗ್ಸ್ ಮುನ್ನಡೆಯಿಂದ ನಾವು ಮುಂದೆ ಹೋದೆವು. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದರು.

ಬರೀ ಹೆಸರಿನಿಂದ ಗೆದ್ದರು ಅಂತ ಹೇಳಲ್ಲ, ಆ ಬೌಲಿಂಗ್ ಇದ್ದರೆ ಯಾವ ಹೆಸರಾದರೂ ಗೆಲ್ಲುತ್ತೆ. ಆದರೆ ನಮ್ಮ ಚಿಕ್ಕಪ್ಪ ಮಾತ್ರ ಹೆಸರಿನದೇ ಮಹಿಮೆ ಅಂತ ಹಠ ಹಿಡಿದಿದ್ದರು. ನಾನು ಅವರಿಗೆ ಹೇಳುತ್ತಿದ್ದೆ, ಕ್ಯಾಪ್ಟನ್ ಪ್ರಸನ್ನ ಇಂಜಿನಿಯರಿಂಗ್ ಓದಿದ್ದು ಮೈಸೂರಿನ ಎನ್‌ಐಇಯಲ್ಲಿ, ಚಂದ್ರಶೇಖರ್ ಹುಟ್ಟಿದ್ದೇ ಮೈಸೂರಿನಲ್ಲಿ. ಬೋರ್ಡಿನಲ್ಲಿ ಹೋದ ಮೈಸೂರು ಬೌಲಿಂಗಿನಲ್ಲಿ ಉಳಿದಿತ್ತು.

ಸಕ್ಕರೆ ಊರಿನವ, ಮಂಡ್ಯ:

ನವೆಂಬರ್ 1ಕ್ಕೆ ಇನ್ನೊಂದು ಸೇರಿಸಿ. ಐಶ್ವರ್ಯಾ ರೈ ಹುಟ್ಟಿದ್ದು ಅದೇ ದಿನ, ಮಂಗಳೂರಿನಲ್ಲಿ. ನಮ್ಮ ಮನೆಯಲ್ಲಿ ನಮ್ಮ ಅತ್ತೆಯ ಮಗನೂ ಅದೇ ದಿನದವನು, ಅವನು ಇದನ್ನು ಎಲ್ಲ ಮದುವೆ ಮನೆಯಲ್ಲೂ ಹೇಳುತ್ತಾನೆ. ಒಂದು ದಿನ ಮುಂಚೆ ಹುಟ್ಟಿದ್ದರೆ ಇಬ್ಬರೂ ಮೈಸೂರು ರಾಜ್ಯದವರು.

ಹೊಸ ಬಡಾವಣೆ, ಮೈಸೂರು:

ನಾನು 1995ರಲ್ಲಿ ಹುಟ್ಟಿದವಳು, ಓದಿ ಓದಿ ನಗುತ್ತಿದ್ದೇನೆ. ಒಂದು ಅನುಮಾನ ಕೇಳಲಾ? ಮೈಸೂರಿನವರಿಗೆ ಬೇಜಾರಾಗಲಿಲ್ವಾ? ಅಷ್ಟು ಹೆಸರುವಾಸಿ ಊರಿನ ಹೆಸರು ತೆಗೆದರೆ?

ಅಗ್ರಹಾರದವನು, ಮೈಸೂರು:

ಆಯ್ತು, ಸುಳ್ಳು ಹೇಳಲ್ಲ. ನಮ್ಮ ಅಪ್ಪನಿಗೆ ಒಂದು ತಿಂಗಳು ಮುಖ ಸಪ್ಪಗಿತ್ತು. ತಮಾಷೆ ಏನು ಅಂದರೆ ಹೆಸರು ಬದಲಾಯಿಸಿದ ಮುಖ್ಯಮಂತ್ರಿ ದೇವರಾಜ ಅರಸು ನಮ್ಮ ಜಿಲ್ಲೆಯವರೇ, ಹುಣಸೂರಿನ ಕಡೆಯವರು. ಬೇರೆ ಕಡೆಯವರು ಮಾಡಿದ್ದರೆ ಬೈಯಬಹುದಿತ್ತು, ನಮ್ಮವರೇ ಮಾಡಿದರೆ ಯಾರನ್ನು ಬೈಯೋದು ಅಂತ ಅಪ್ಪ ಒದ್ದಾಡಿದರು. ವಿಧಾನಸಭೆ 1972ರ ಜುಲೈನಲ್ಲೇ ನಿರ್ಣಯ ಮಾಡಿತ್ತು, ಹಾಗಾಗಿ ಒದ್ದಾಡುವುದಕ್ಕೆ ಅವರಿಗೆ ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಸಿಕ್ಕಿತ್ತು.

ಆದರೆ ಹೋಗಿದ್ದೇನು? ಮೈಸೂರು ಪಾಕ್ ಹಾಗೇ ಇತ್ತು, ಮೈಸೂರು ಸ್ಯಾಂಡಲ್ ಸೋಪು ಹಾಗೇ ಇತ್ತು, ರೇಷ್ಮೆ ಸೀರೆ, ಮಲ್ಲಿಗೆ, ವೀಳ್ಯದೆಲೆ, ಮಸಾಲೆ ದೋಸೆ, ವಿಶ್ವವಿದ್ಯಾನಿಲಯ ಎಲ್ಲ ಹಾಗೇ ಇದ್ದವು. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕ್ 2017ರ ತನಕ ಹೆಸರು ಉಳಿಸಿಕೊಂಡಿತ್ತು. ಅದು ಹೋದಾಗ ನನಗೆ 1973ಕ್ಕಿಂತ ಜಾಸ್ತಿ ಬೇಜಾರಾಯಿತು, ಪಾಸ್‌ಬುಕ್ ಇನ್ನೂ ಇಟ್ಟುಕೊಂಡಿದ್ದೇನೆ.

ಧಾರವಾಡದ ಸೊಸೆ, ಮೈಸೂರು:

ಎಲ್ಲರದೂ ಓದಿದೆ, ನನ್ನದೊಂದು ಇರಲಿ. ನಾನು ಧಾರವಾಡದವಳು, 1971ರಲ್ಲಿ ಮದುವೆಯಾಗಿ ಮೈಸೂರಿಗೆ ಬಂದೆ. ನಿಮಗೆ ಹೆಸರು ಹೋದ ದಿನ, ನಮಗೆ ಹೆಸರು ಬಂದ ದಿನ. ಬಾಂಬೆ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಹಂಚಿಹೋಗಿದ್ದ ಕನ್ನಡದವರೆಲ್ಲ 1956ರಲ್ಲಿ ಒಂದಾದರೂ ನಮ್ಮ ತಂದೆ ವಿಳಾಸ ಬರೆಯುವಾಗ ಪ್ರತಿ ಸಲ ಪೆನ್ನು ನಿಲ್ಲಿಸುತ್ತಿದ್ದರು. ಧಾರವಾಡ ಅಂತ ಬರೆದು, ಆಮೇಲೆ ಮೈಸೂರು ರಾಜ್ಯ ಅಂತ ಬರೆಯಬೇಕು. 17 ವರ್ಷ ಹಾಗೇ ಬರೆದರು. ಮೈಸೂರಿನ ಮೇಲೆ ಸಿಟ್ಟಲ್ಲ, ಮಗಳನ್ನೇ ಇಲ್ಲಿಗೆ ಕೊಟ್ಟಿದ್ದರಲ್ಲ. ಆದರೆ ಅದು ಅವರ ಹೆಸರಾಗಿರಲಿಲ್ಲ.

ಅವತ್ತು ನಾನು ಬೆಳಿಗ್ಗೆ ಎದ್ದು ಗೋಧಿ ಹುಗ್ಗಿ ಮಾಡಿದೆ. ಅತ್ತೆಯವರು ಅಡಿಗೆಮನೆಗೆ ಬಂದು ಇವತ್ತೇನು ಹಬ್ಬ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ನಿಂತರು. ಮಾವನವರು ಹಜಾರದಲ್ಲಿ ಪೇಪರ್ ಹಿಡಿದು ಗೊಣಗುತ್ತಿದ್ದದ್ದು ಒಳಗೆ ಕೇಳುತ್ತಿತ್ತು. ಅತ್ತೆ ಏನೂ ಮಾತಾಡದೆ ಡಬ್ಬದಿಂದ ಕಡಲೆಹಿಟ್ಟು ತೆಗೆದರು, ತುಪ್ಪ ಕಾಯಿಸಿದರು, ಮೈಸೂರು ಪಾಕ್ ಮಾಡಿದರು. ಮಧ್ಯಾಹ್ನ ಒಂದೇ ಎಲೆಯಲ್ಲಿ ಎರಡೂ ಬಡಿಸಿದರು. ಮಾವನವರು ಮೊದಲು ಮೈಸೂರು ಪಾಕ್ ತಿಂದರು, ಆಮೇಲೆ ಹುಗ್ಗಿ ಮುಟ್ಟಿ ನೋಡಿದರು, ಆಮೇಲೆ ಹುಗ್ಗಿಯನ್ನು ಮೂರು ಸಲ ಹಾಕಿಸಿಕೊಂಡರು. "ನಿಮ್ಮ ಕಡೆಯವರ ಪಟ್ಟು ಜಾಸ್ತಿ, ತುಪ್ಪವೂ ಜಾಸ್ತಿ" ಅಂದರು. ಅವರು ಆ ವಿಷಯದಲ್ಲಿ ಹೇಳಿದ್ದು ಅಷ್ಟೇ. ಪ್ರತಿ ನವೆಂಬರ್ 1ಕ್ಕೆ ಅವರೇ ನೆನಪಿಸಿ ಹುಗ್ಗಿ ಕೇಳುತ್ತಿದ್ದರು.

ಅಗ್ರಹಾರದವನು, ಮೈಸೂರು:

ಅಮ್ಮಾ, ನಿಮ್ಮದು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ. ನಮ್ಮ ಅಪ್ಪ ಇದ್ದಿದ್ದರೆ ಅವರಿಗೆ ಓದಿ ಹೇಳುತ್ತಿದ್ದೆ.

ಎಲ್ಲರಿಗೂ ಒಂದು ಮಾತು. ಈ ನವೆಂಬರ್ 1ರ ಬೆಳಿಗ್ಗೆ 7ಕ್ಕೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸೇರೋಣ. ಹಳೇ ರೇಷನ್ ಕಾರ್ಡು, ಬಸ್ ಟಿಕೆಟ್ಟು, ಪಾಸ್‌ಬುಕ್ಕು, ಹೊಡೆದು ಬರೆದ ಸಮಾಜ ಪುಸ್ತಕ, ಯಾರ ಮನೆಯಲ್ಲಿ ಏನಿದೆಯೋ ತನ್ನಿ. ಶ್ರೀರಂಗಪಟ್ಟಣ, ಮಂಡ್ಯ, ನಾಗಮಂಗಲದವರು ಹಿಂದಿನ ದಿನವೇ ಬಂದರೂ ಸರಿ, ನಮ್ಮ ಮನೆಯಲ್ಲಿ ಜಾಗ ಇದೆ.

ಧಾರವಾಡದ ಸೊಸೆ, ಮೈಸೂರು:

ಎಷ್ಟು ಜನ ಅಂತ ಹಿಂದಿನ ದಿನ ಹೇಳಿ. ಗೋಧಿ ರಾತ್ರಿಯೇ ನೆನೆಸಬೇಕು.